ಚಕ್ಕಡಿ ನಿಲ್ಲುವ ಜಾಗಕ್ಕೆ ಹಾಸಿದ ಕಲ್ಲು

ನಾನು ಹುಕ್ಕೇರಿಯ ಬಟ್ಟೆ ವ್ಯಾಪಾರಿಯ ಮಗಳು. ಮದುವೆಯಾಗಿ ಮಸಗುಪ್ಪಿಗೆ ಬಂದ ಮೊದಲ ಮಳೆಗಾಲವೆಲ್ಲ ಎರೆಮಣ್ಣಿಗೆ ಬೈಯುವುದರಲ್ಲೇ ಕಳೆಯಿತು. ಹಿತ್ತಲಲ್ಲಿ ಎತ್ತಿನ ಚಕ್ಕಡಿ ನಿಲ್ಲುವ ಕಡೆ ಕೆಸರು, ಅದನ್ನು ತುಳಿದು ಬಂದವರಿಂದ ಅಡುಗೆಮನೆಯವರೆಗೂ ಕೆಸರು. ಸಾರಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೆ ಕೆಸರು. ನನ್ನ ಗೊಣಗಾಟ ಮಾವನವರ ಕಿವಿಗೆ ಬಿದ್ದಿರಬೇಕು. ಮುಂದಿನ ಬೇಸಿಗೆಯಲ್ಲಿ ಆ ಜಾಗಕ್ಕೆ ಏನಾದರೂ ಹಾಸಲು ಹೊರಟರು.

ಗುಡ್ಡದ ಗರಸು ಮಣ್ಣು ತಂದು ಬಡಿದು ಗಟ್ಟಿ ಮಾಡಿದರೆ ಸಾಕು ಎಂದರು ಅತ್ತೆ. ಸೊಸೆಯ ಜೊತೆ ಮಾವ ನೇರವಾಗಿ ಮಾತಾಡದ ಕಾಲ ಅದು. ಆದರೂ ಮಾವನವರು ಬಾಗಿಲ ಹಿಂದೆ ನಿಂತಿದ್ದ ನನ್ನನ್ನೇ ಕೇಳಿದರು.

"ಮನಿ ಸಾರಸಾಕಿ ನೀನು. ನೀನ ಹೇಳವಾ, ಗರಸ ಹಾಕೂಣೋ, ಫರ್ಸಿ ಹಾಕೂಣೋ?"

"ಫರ್ಸಿನ ಹಾಕಸ್ರಿ ಮಾವಾರ. ನಮ್ಮ ತವರಮನ್ಯಾಗ ಅದ ಐತ್ರಿ."

ತವರಿನ ಹಿತ್ತಲಲ್ಲಿ ನುಣ್ಣನೆಯ ಹಾಸುಗಲ್ಲು ಇದ್ದದ್ದು ನಿಜ. ಎತ್ತು ಇರಲಿಲ್ಲ. ಅಷ್ಟು ಸಣ್ಣ ವಿಚಾರ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ. ದಿನಾ ಬೆಳಗ್ಗೆ ಜೋಳ ಬೀಸುವವಳಿಗೆ, ನುಣುಪಾದ ಕಲ್ಲು ಕಾಳನ್ನೂ ಹಿಡಿಯುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಗೋಕಾಕದಿಂದ ಕಲ್ಲು ಬಂತು. ನಾನು ಹಿಗ್ಗಿದ್ದೇ ಹಿಗ್ಗಿದ್ದು. ಮುಂಗಾರಿಗೂ ಮುಂಚಿನ ಮೊದಲ ಅಡ್ಡಮಳೆಯ ಸಂಜೆ, ಚಕ್ಕಡಿಯಿಂದ ಬಿಚ್ಚುವಾಗ ಬಿಳಿ ಎತ್ತಿನ ಹಿಂಗಾಲು ಜಾರಿತು. ಬಿದ್ದದ್ದು ಹೇಗೋ ಎದ್ದಿತು, ಆದರೆ ಕುಂಟಾಯಿತು. ಮತ್ತೆಂದೂ ನೊಗಕ್ಕೆ ಬರಲಿಲ್ಲ. ಮಾವನವರು ಕರುವಿದ್ದಾಗಿನಿಂದ ಸಾಕಿದ ಎತ್ತು ಅದು. ಅವರು ಬೀಸುವ ಕಲ್ಲಿಗೆ ಕಚ್ಚು ಹಾಕುವ ಉಳಿ ಹಿಡಿದು ಕೂತು ಹಾಸುಗಲ್ಲುಗಳನ್ನೆಲ್ಲ ಒರಟು ಮಾಡಿದರು. ಆ ಟಕಟಕ ಕೇಳುತ್ತ ನಾನು ಒಳಗೆ ಸಾರಿಸಿದ್ದನ್ನೇ ಸಾರಿಸಿದೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಎತ್ತುಗಳ ಹಬ್ಬ ಕಾರಹುಣ್ಣಿಮೆ ಬಂತು. ಮಾವನವರು ಕುಂಟೆತ್ತಿನ ಕೊಂಬಿಗೂ ಬಣ್ಣ ಬಳಿದು, "ಆರತಿ ನೀನ ಬೆಳಗವಾ" ಎಂದರು. ಹಿತ್ತಲ ಬಾಗಿಲ ಬಳಿ ಕಲ್ಲಿನ ಮೇಲೆ ತಟ್ಟೆ ಹಿಡಿದು ನಿಂತೆ. ಎತ್ತು ಹಾಸುಗಲ್ಲಿನ ಅಂಚಿಗೆ ಬಂದು ನಿಂತುಬಿಟ್ಟಿತು. ಜಗ್ಗಿದರೂ, ಬೆಲ್ಲ ತೋರಿಸಿದರೂ ಕಲ್ಲಿನ ಮೇಲೆ ಕಾಲಿಡಲೊಲ್ಲದು.

"ಜಗ್ಗಬ್ಯಾಡ್ರಿ ಮಾವಾರ, ನಾನ ಬರ್ತೇನಿ" ಎಂದು ಕೆಸರಿಗೆ ಇಳಿದೆ. ಹೊಸ ಸೀರೆಯ ನಿರಿಗೆಗೆಲ್ಲ ಎರೆಮಣ್ಣು ಮೆತ್ತಿಕೊಂಡಿತು. ಆರತಿ ಬೆಳಗಿ ಹೋಳಿಗೆ ಹಿಡಿದರೆ, ತಿಂದು ನನ್ನ ಅಂಗೈಯನ್ನೂ ನೆಕ್ಕಿತು. ಪಾಪ, ಅದಕ್ಕೇನು ಗೊತ್ತು.

ತಿರುಗಿ ಬಂದಾಗ ಅತ್ತೆ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬಾರವಾ, ಕಾಲ ತೊಳಕೋ" ಎಂದು ತಾವೇ ನೀರು ಹಾಕಿದರು. ನನ್ನ ಕಾಲಿನ ಕೆಸರು ಮಾವನವರು ಕೊರೆದ ಕಚ್ಚುಗಳಲ್ಲಿ ಇಳಿದು ನಿಂತಿತು. ತಲೆ ಎತ್ತಿ ಅತ್ತೆಯ ಮುಖ ನೋಡಲು ನನ್ನಿಂದಾಗಲಿಲ್ಲ.