ಮಾದೇವಿಯಕ್ಕನ ಸಂಗಡ ಕೆಲಸ ಹುಡುಕಿದ ದಿನ

ಬೆಳಿಗ್ಗೆ ಆಫೀಸಿನ ಬಾಗಿಲಲ್ಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ನನಗೆ ಮಾದೇವಿಯಕ್ಕ ನೆನಪಾಗುತ್ತಾಳೆ. ಹೊನ್ನಾವರದ ಬದಿಯ ನಮ್ಮೂರಲ್ಲಿ ಪಕ್ಕದ ಮನೆಯವಳು. ಹರಿವೆ ಸೊಪ್ಪು, ಗೆಣಸು ಬೆಳೆದು ತಲೆಯ ಮೇಲೆ ಹೊತ್ತು ಪೇಟೆಯಲ್ಲಿ ಮಾರುತ್ತಿದ್ದವಳು.

ಆಗ ನಾನು ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಹುಡುಕುತ್ತಿದ್ದೆ ಅನ್ನುವುದು ದೊಡ್ಡ ಮಾತು. ಎಲ್ಲೆಲ್ಲಿ ಅರ್ಜಿ ಹಾಕಬೇಕೆಂದು ಮೂರು ಬಣ್ಣದ ಪೆನ್ನಿನಲ್ಲಿ ಪಟ್ಟಿ ಬರೆಯುತ್ತಿದ್ದೆ. ಪಟ್ಟಿ ಬಲು ಚೆಂದವಿತ್ತು, ನೋಡಿ. ಎಂಟು ತಿಂಗಳಾದರೂ ಒಂದು ಕಡೆಗೂ ಹೋಗಿರಲಿಲ್ಲ, ಅಷ್ಟೇ.

ಒಂದು ದಿನ ಮಾದೇವಿಯಕ್ಕ ಅಂಗಳಕ್ಕೆ ಬಂದಳು. "ತಂಗಿ, ಕುತ್ತಿಗೆ ನೋವು, ಬುಟ್ಟಿ ಹೊರೂಕಾಗೂದಿಲ್ಲ. ಮುರ್ಡೇಶ್ವರದ ಲಾಡ್ಜಲ್ಲಿ ಕೆಲ್ಸ ಕೇಳ್ಬೇಕಿತ್ತು, ನೀ ಸಂಗಡ ಬಾ."

"ಆತು, ನಾಳೆ ಹೋಗ್ವ."

"ನಾಳೆ ಎಂತಕ್ಕೆ? ಹನ್ನೊಂದು ಗಂಟೆಗೆ ಬಸ್ಸುಂಟಲ್ಲ, ಹೊರಡು."

ಮೊದಲ ಲಾಡ್ಜಿನಲ್ಲಿ ಕಾವಲಿನವನು ಗೇಟು ತೆಗೆಯಲಿಲ್ಲ. ಎರಡನೆಯದರಲ್ಲಿ ಮ್ಯಾನೇಜರು ತಲೆ ಎತ್ತಲಿಲ್ಲ. "ಮನೆಗೆ ಹೋಗ್ವ" ಅಂದೆ. "ಲಾಡ್ಜು ಇನ್ನೂ ಮುಗೀಲಿಲ್ಲಲ್ಲ" ಅಂದಳು. ಐದನೆಯದರಲ್ಲಿ ಉಸ್ತುವಾರಿಯ ಹೆಂಗಸು ಕೇಳಿದಳು: "ರೂಮಿನ ಕೆಲ್ಸ ಮಾಡಿ ಗೊತ್ತುಂಟಾ?"

"ಇಲ್ಲ. ಒಂದು ರೂಮು ಕೊಡಿ, ಮಾಡಿ ತೋರಿಸ್ತೆ. ಸಮ ಆಗ್ದಿದ್ರೆ ಹೋಗ್ತೆ."

ಅಂಥ ದಪ್ಪ ಹಾಸಿಗೆಯನ್ನು ಅವಳು ಮುಟ್ಟಿದ್ದೇ ಅಂದು. ಚಾದರ ಸೊಟ್ಟಗಾಯಿತು. ಪೂರ್ತಿ ಕಿತ್ತು ಮತ್ತೆ ಹಾಸಿದಳು. ಮಂಚದಡಿ ತೂರಿ ಫಿನಾಯಿಲ್ ಹಾಕಿ ಮೂಲೆಮೂಲೆ ಒರೆಸಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಸೋಮವಾರದಿಂದ ಬಾ" ಎಂದಳು ಆ ಹೆಂಗಸು.

ಹೊರಗೆ ಬಂದವಳೇ ಮಾದೇವಿಯಕ್ಕ ನನ್ನತ್ತ ತಿರುಗಿದಳು. "ಈಗ ನಿಂದು. ಎಲ್ಲಿ ಕೇಳೂದು?"

ಕುಮಟೆಯ ಒಂದು ಆಫೀಸಿಗೆ ಬರೆದ ಅರ್ಜಿ ಮೂರು ವಾರದಿಂದ ನನ್ನ ಚೀಲದಲ್ಲೇ ಇತ್ತು. ಬಸ್ಸು ಹತ್ತಿಸಿಯೇ ಬಿಟ್ಟಳು. ಅಲ್ಲಿಯ ಗುಮಾಸ್ತರು, "ಹೋದ ವಾರವೇ ಬೇರೆಯವ್ರನ್ನ ತಕೊಂಡಾತಲ್ಲ" ಅಂದರು. ಅರ್ಜಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳತೊಡಗಿದೆ. ಹಿಂದಿನಿಂದ ಮಾದೇವಿಯಕ್ಕನ ಮೊಣಕೈ ತಿವಿಯಿತು. "ಬೇರೆ ಎಲ್ಲಾದ್ರೂ ಉಂಟಾ ಸರ್?" ಎಂದು ಕೇಳಿದ್ದು ನಾನೇ! ಅವರು ಭಟ್ಕಳದ ಒಂದು ಶಾಲೆಯ ಹೆಸರು ಹೇಳಿದರು. ಮರುದಿನ ಗೇಟು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದೆ. ಒಂಬತ್ತು ವರ್ಷವಾಯಿತು, ಅದೇ ಶಾಲೆಯ ಆಫೀಸಿನಲ್ಲಿದ್ದೇನೆ.

ಮೊನ್ನೆ ಭಾನುವಾರ ಕೇಳಿದೆ, "ಅಕ್ಕಾ, ಆ ದಿನ ನಿಂಗೆ ಚೂರೂ ಹೆದ್ರಿಕೆ ಆಗ್ಲಿಲ್ಲ ಅಲ್ದಾ?"

ಹಲಸಿನ ತೊಳೆ ಬಿಡಿಸುತ್ತಿದ್ದವಳು ನಕ್ಕಳು. "ಆಗ್ಲಿಲ್ಲ? ಮೊದಲ್ನೇ ಗೇಟಿಂದ್ಲೇ ಓಡ್ವ ಅಂತ ಕಂಡಿತ್ತು. ಓದಿದವ್ಳು ನೀ ಬಗಲಲ್ಲಿ ನಿಂತಿದ್ಯಲ್ಲ, ನಿನ್ನ ಮುಂದೆ ಹ್ಯಾಂಗೆ ಓಡೂದು?"

ಇಷ್ಟು ವರ್ಷ ಅವಳ ಸೆರಗು ಹಿಡಿದು ನಡೆದವಳು ನಾನು ಎಂದುಕೊಂಡಿದ್ದೆ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಲು ಅವಳ ಎದುರು ಕೂತೆ.