ಏರುತ್ತಲೇ ಹೋದ ಗೆರೆ

ಮೊನ್ನೆ ಪಕ್ಕದ ಮನೆಯಲ್ಲಿ ಯಾರೋ ಗುರೆಳ್ಳು ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸಿಂದಗಿಯ ನಮ್ಮ ಓಣಿಯ ಮೇಡಂ ನೆನಪಾದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಒಂಟಿ ಜೀವ. ಶನಿವಾರ ಸಂಜೆ ಚಟ್ನಿಗೆಂದು ಗುರೆಳ್ಳು ಹುರಿದಿಟ್ಟು, ನನ್ನನ್ನು ಕೂಗಿ ಕರೆದು, ಟಿವಿಯ ಹಾಡಿನ ಸ್ಪರ್ಧೆ ನೋಡಲು ಕೂರುತ್ತಿದ್ದರು.

ಅವರ ಕಿವಿ ಹಾಡಿನ ಕಡೆ, ಕಣ್ಣು ಮೊಬೈಲಿನ ಮೇಲೆ. ಜನ ಇಂಟರ್ನೆಟ್ಟಿನಲ್ಲಿ ಯಾವ ಗಾಯಕರ ಹೆಸರನ್ನು ಹೆಚ್ಚು ಹುಡುಕುತ್ತಿದ್ದಾರೆ ಎಂಬುದು ಅದರಲ್ಲಿ ಗೆರೆಗಳಾಗಿ ಕಾಣುತ್ತಿತ್ತು.

“ಚಲೋ ಹಾಡಿದವ್ರೇ ಗೆಲ್ತಾರಂತ ಏನಿಲ್ಲವಾ. ಜನ ಮದ್ಲ ಹುಡುಕ್ತಾರ, ಆಮ್ಯಾಲ ವೋಟ್ ಹಾಕ್ತಾರ,” ಎನ್ನುತ್ತಿದ್ದರು. ಅವರು ಹೇಳಿದವರೇ ಬಹುತೇಕ ಗೆಲ್ಲುತ್ತಿದ್ದರು.

ಒಂದು ವರ್ಷ ಮುದ್ದೇಬಿಹಾಳದ ಅವರ ತಂಗಿಯ ಮಗಳೇ ಆ ವೇದಿಕೆ ಹತ್ತಿದಳು. ಅವಳ ಗೆರೆ ವಾರದಿಂದ ವಾರಕ್ಕೆ ಏರಿತು. ನಾನು ಹಿಗ್ಗುತ್ತಿದ್ದೆ, ಮೇಡಂ ಮಾತ್ರ ಮಾತು ಕಡಿಮೆ ಮಾಡಿದರು. ಯಾಕೆಂದು ಕೇಳಿದ್ದಕ್ಕೆ ಮೊಬೈಲನ್ನು ನನ್ನ ಕೈಗಿತ್ತರು. ಅವಳ ಹೆಸರಿನ ಜೊತೆ ಜನ ಇನ್ನೇನು ಹುಡುಕುತ್ತಿದ್ದಾರೆಂದು ಗೆರೆಯ ಕೆಳಗೆ ಇತ್ತು. ಮೊದಲು ಹಾಡುಗಳಿದ್ದ ಜಾಗದಲ್ಲಿ ಈಗ ವಯಸ್ಸು, ಮದುವೆ, ಹಳೆಯ ಫೋಟೋ, ಮನೆ ಎಲ್ಲಿದೆ...

“ಆಕಿ ಗೆಲ್ತಾಳ. ಆದ್ರ ಜನ ಈಗ ಹಾಡು ಬಿಟ್ಟು ಆಕೀನ್ನ ಹುಡುಕಾಕತ್ತಾರ ನೋಡು.”

ತಂಗಿಗೆ ಫೋನ್ ಮಾಡಿದರು. “ಅಕ್ಕಾ, ನೀ ಎಲ್ಲಾದಕ್ಕೂ ಅಂಜ್ತಿ ಬಿಡು,” ಎಂದು ಆಕೆ ನಕ್ಕಳಂತೆ. ಕೊನೆಯ ಸುತ್ತಿಗೆ ಮುಂಚೆ ಹುಡುಗಿ ಊರಿಗೆ ಬಂದಿದ್ದಾಳೆಂದು ತಿಳಿದದ್ದೇ ಮೇಡಂ ನನ್ನನ್ನೂ ಕರೆದುಕೊಂಡು ಮುದ್ದೇಬಿಹಾಳದ ಬಸ್ ಹತ್ತಿದರು.

ಹೋದರೆ ಪಡಸಾಲೆಯಲ್ಲಿ ಅಪರಿಚಿತನೊಬ್ಬ ಕೂತು ಚಹಾ ಕುಡಿಯುತ್ತಿದ್ದ. ಒಳಕೋಣೆಯಲ್ಲಿ ಹುಡುಗಿ ಅಭ್ಯಾಸ ಮಾಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

“ಟಿವಿ ಕಡೆಯವ್ರು,” ಎಂದಳು ತಂಗಿ.

ಅವನ ತೊಡೆಯ ಮೇಲೊಂದು ಫೋಟೋ ಇತ್ತು. ಎರಡು ಜಡೆ ಹಾಕಿಕೊಂಡ ಅದೇ ಹುಡುಗಿ, ಚಿಕ್ಕವಳಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ.

“ಇದು ಎಲ್ಲಿ ಸಿಕ್ತ್ರಿ ನಿಮಗ?” ಮೇಡಂ ಕೇಳಿದರು.

“ಹುಡುಕಿದ್ರ ಎಲ್ಲಾ ಸಿಗ್ತೈತ್ರಿ,” ಅವನು ನಕ್ಕ. “ನನ್ನ ಹೇಂತಿ ಆಗಾಕಿ. ನಾ ಹುಡುಕಬಾರ್ದೇನ್ರಿ?”

ಒಳಗೆ ಹಾಡು ನಿಂತಿತು. ಮೇಡಂ ಹೋಗಿ ಒಳಬಾಗಿಲಿಗೆ ಅಡ್ಡ ನಿಂತರು. “ಏಳ್ರಿ. ಹೊರಗ ನಡೀರಿ,” ಎಂದರು. ಅವನು ಉಳಿದ ಚಹಾ ನಿಧಾನವಾಗಿ ಮುಗಿಸಿ, ಕಪ್ಪನ್ನು ಮೆಲ್ಲಗೆ ಇಟ್ಟು ಎದ್ದ.

ದೂರು ಕೊಟ್ಟ ಮೇಲೆ ಪೊಲೀಸರು ಅವನನ್ನು ಕರೆಸಿ ಗದರಿಸಿದರು. ವಾರ ಕಳೆಯುವುದರೊಳಗೆ ಅವನು ಮತ್ತೆ ಬಂದು ಮನೆ ಎದುರಿನ ಕಂಬದ ಬಳಿ ನಿಂತಿದ್ದ. ಬೇರೆಯವರೂ ಬಂದು ಕಂಪೌಂಡಿನ ಮೇಲಿಂದ ಮೊಬೈಲ್ ಹಿಡಿದು ವಿಡಿಯೊ ಮಾಡತೊಡಗಿದರು.

ಹುಡುಗಿ ಗೆದ್ದಳು. ಊರು ಮೆರವಣಿಗೆಗೆ ಸಜ್ಜಾಗಿತ್ತು, ಅವಳು ಬರಲೇ ಇಲ್ಲ. ತಂಗಿಯ ಮನೆಗೆ ಬೀಗ ಬಿತ್ತು. ಮೇಡಂ ನೌಕರಿ ಬಿಟ್ಟು ಅವರ ಜೊತೆ ಹೊರಟರು.

“ಎಲ್ಲಿಗ್ರಿ ಮೇಡಂ?”

“ನಿನಗ ಹೇಳಿದ್ರ, ನಿನ್ನನ್ನೂ ಕೇಳ್ಕೋತ ಬರ್ತಾರವಾ. ನಾನೇ ಫೋನ್ ಮಾಡ್ತೇನಿ.”

ಆ ಫೋನ್ ಬರಲಿಲ್ಲ. ಹಳೆಯ ನಂಬರು ಹತ್ತುವುದಿಲ್ಲ... ಈಗ ಮೇಡಂ ಹೇಗಿದ್ದಾರೋ, ಇದ್ದಾರೋ ಇಲ್ಲವೋ. ಕೆಲವೊಮ್ಮೆ ತಡೆಯಲಾರದೆ ಮೊಬೈಲಿನಲ್ಲಿ ಆ ಹುಡುಗಿಯ ಹೆಸರು ಬರೆಯುತ್ತೇನೆ. ಕಂಬದ ಬಳಿ ನಿಂತವನೂ ಹೀಗೇ ಶುರು ಮಾಡಿದ್ದನಲ್ಲ ಎನಿಸುತ್ತದೆ. ಒಂದೊಂದೇ ಅಕ್ಷರ ಅಳಿಸುತ್ತೇನೆ.