ಜವಳಕ್ಕೆ ಬಂದ ಫುಲ್ ಫ್ರೇಮ್ ಕ್ಯಾಮೆರಾ

"ಹೊರಗ ಇಷ್ಟ್ ಬೆಳಕದ, ಒಳಗ ಕತ್ತಲದಾಗ ಯಾಕ ನಿಂದ್ರಸ್ಲಾಕತ್ತೀರಿ ಬೀಗ್ರೇ?"

ಸಂತಪುರದಲ್ಲಿ ನನ್ನ ತಂಗಿಯ ಅತ್ತೆ ಹೀಗೆ ಕೇಳಿದಾಗ ನಾನು ಸುಮ್ಮನೆ ನಕ್ಕೆ. ಕೊರಳಲ್ಲಿ ಹೊಸ ಕ್ಯಾಮೆರಾ ನೇತಾಡುತ್ತಿರುವ ಮನುಷ್ಯ ಉಳಿದವರನ್ನು ಕಂಡು ಕನಿಕರದಿಂದ ನಗುತ್ತಾನಲ್ಲ, ಆ ನಗು.

ಇದು ಬೇಸಿಗೆಯ ಆರಂಭದ ಮಾತು. ಆಗಷ್ಟೇ ಫುಲ್ ಫ್ರೇಮ್ ಕ್ಯಾಮೆರಾ ಕೊಂಡಿದ್ದೆ. (ನಿಮಗೆ ಗೊತ್ತಿಲ್ಲ ಎಂದರೆ ನೀವು ಬೀದರದವರೇ ಅಲ್ಲ. ಗಾಂಧಿ ಗಂಜ್ ಮಾರುಕಟ್ಟೆಯ ಹಮಾಲರಿಗೂ ಹೇಳಿ ಮುಗಿಸಿದ್ದೇನೆ.) ಇದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಹಳೇ ಕಾಲದ ರೀಲಿನ ಒಂದು ಚೌಕದಷ್ಟು ದೊಡ್ಡದು. ನನ್ನ ಹಳೆಯ ಕ್ಯಾಮೆರಾದ್ದು ಇದರ ಅರ್ಧವೂ ಇರಲಿಲ್ಲ. ದೊಡ್ಡ ಸೆನ್ಸರಿಗೆ ಅದೇ ಲೆನ್ಸಿನಲ್ಲಿ ಹೆಚ್ಚು ಜನ ಹಿಡಿಸುತ್ತಾರೆ. ಮಂದ ಬೆಳಕಿನಲ್ಲೂ ಚಿತ್ರ ಕಾಳುಕಾಳಾಗುವುದಿಲ್ಲ. ಮತ್ತೆ, ಹಿಂದಿನ ಗೋಡೆ ಗೂಟ ಎಲ್ಲ ಬೆಣ್ಣೆಯಂತೆ ಕರಗಿ ಮುಖ ಮಾತ್ರ ಎದ್ದು ನಿಲ್ಲುತ್ತದೆ. ನನ್ನ ಮಾನ ತೆಗೆದದ್ದು ಇದೇ ಬೆಣ್ಣೆ.

ಅಂದು ತಂಗಿ ಜಗದೇವಿಯ ಮಗನ ಜವಳ. ಮೊದಲ ಕೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಕೂತಿತು. ನಾನು ಕೂತ ಚಾಪೆಗೂ ಇಳಿಯುವಷ್ಟು ಧಾರಾಳವಾಗಿ ಒದ್ದೆ ಮಾಡಿತು. (ಊರಿಗೆ ನೀರಿನ ಟ್ಯಾಂಕರ್ ಬಾರದೆ ವಾರವಾಗಿತ್ತು. ನನ್ನ ಪ್ಯಾಂಟಿಗೆ ಮಾತ್ರ ಬರಗಾಲವಿರಲಿಲ್ಲ.)

ಎರಡನೇ ವರ್ಷವೂ ಮಳೆ ಕೈಕೊಟ್ಟಿತ್ತು. ಜಗದೇವಿಯ ಗಂಡ ಶಿವರಾಜ ಮತ್ತು ಅವನ ಇಬ್ಬರು ತಮ್ಮಂದಿರು ಕಟ್ಟಡ ಕೆಲಸಕ್ಕೆಂದು ಅಂದೇ ಮುಂಬೈಗೆ ಹೊರಟಿದ್ದರು. ಮಧ್ಯಾಹ್ನದ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ರೈಲು ಹತ್ತಬೇಕು. ತಿರುಗಿ ಬರುವುದು ಯಾವಾಗ? ಅವರಿಗೇ ಗೊತ್ತಿರಲಿಲ್ಲ.

"ಅಣ್ಣಾ, ಎಲ್ಲಾರದೂ ಕೂಡಿ ಒಂದ್ ಚಲೋ ಫೋಟೋ ತಗಿ. ಕೂಸು ಅಪ್ಪನ ಮಾರಿ ಮರೀಬಾರ್ದು," ಎಂದಳು ಜಗದೇವಿ. ಅವಳು ನನ್ನಿಂದ ಬಯಸಿದ್ದು ಅದೊಂದೇ.

ಅಂಗಳದಲ್ಲಿ ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಬಿಸಿಲಲ್ಲಿ ಯಾರು ಬೇಕಾದರೂ ತೆಗೆಯುತ್ತಾರೆ, ಅದಕ್ಕೆ ಫುಲ್ ಫ್ರೇಮ್ ಯಾಕೆ? ಕರೆಂಟು ಹೋದ ಪಡಸಾಲೆಗೆ ಎಲ್ಲರನ್ನೂ ಕರೆದೊಯ್ದೆ. "ದೊಡ್ಡ ಬೋಗುಣಿ ಇಟ್ಟರ ಮಳಿ ನೀರು ಹೆಚ್ಚು ತುಂಬ್ತದಲ್ರೀ? ದೊಡ್ಡ ಸೆನ್ಸರಿಗೆ ಬೆಳಕೂ ಹಂಗೇ," ಎಂದು ಬೀಗತಿಗೆ ಪಾಠ ಹೇಳಿದೆ.

"ಮೊದಲ ಮಳಿ ಬೀಳ್ಬೇಕಲ್ರೀ," ಎಂದರು ಅವರು.

ಮುಂದೆ ಕೂಸನ್ನೆತ್ತಿಕೊಂಡ ಜಗದೇವಿ, ಅವಳ ಹಿಂದೆ ಶಿವರಾಜ, ಇನ್ನೂ ಹಿಂದೆ ತಮ್ಮಂದಿರು ಮತ್ತು ಅತ್ತೆ. ಚಿತ್ರದಲ್ಲಿ ಒಂದೇ ಒಂದು ಕಾಳೂ ಕಾಣಬಾರದೆಂಬ ಹಟಕ್ಕೆ ಲೆನ್ಸಿನ ಬಾಯಿ ಪೂರ್ತಿ ತೆರೆದೆ. ಬಗ್ಗಿದೆ. ಇನ್ನೂ ಬಗ್ಗಿದೆ. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಕೌಶಲಕ್ಕೆ ಖುಷಿಯಾದರು ಅಂದುಕೊಂಡೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ ಕಂಡಿತು. ಬಸ್ಸಿನ ಹಾರ್ನ್ ಕೇಳಿತು. ಗಂಡಸರು ಚೀಲ ಎತ್ತಿಕೊಂಡು ಹೋದರು.

ಬೀದರಕ್ಕೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕೂಸಿನ ರೆಪ್ಪೆಗೂದಲು ಎಣಿಸಬಹುದಿತ್ತು. ಶಿವರಾಜ? ಬಿಳಿ ಅಂಗಿಯ ಮೇಲೊಂದು ಕಂದು ಮಸುಕು. ತಮ್ಮಂದಿರು ಗೋಡೆಯಲ್ಲಿ ಸೇರಿಹೋಗಿದ್ದರು. ಲೆನ್ಸಿನ ಬಾಯಿ ತೆರೆದಷ್ಟೂ ಬೆಣ್ಣೆ ಹೆಚ್ಚು. ಕೂಸು ಮರೆಯಬಾರದಿದ್ದ ಮುಖವನ್ನೇ ನಾನು ಅಳಿಸಿ ಹಾಕಿದ್ದೆ. ಅಂದು ಊಟ ಸೇರಲಿಲ್ಲ. ಮರುದಿನ ಹೆದರುತ್ತಲೇ ತಂಗಿಗೆ ಫೋನ್ ಮಾಡಿ ಹೇಳಿದೆ.

"ನೀ ಚಿಂತಿ ಮಾಡಬ್ಯಾಡ ಅಣ್ಣಾ. ಪಕ್ಕದ್ಮನಿ ಸುಮಿತ್ರಾಬಾಯಿ ಬಾಗಲ್ದಾಗ ನಿಂತು ಮೊಬೈಲ್‌ದಾಗ ಹೊಡದಾರ. ಎಲ್ಲಾರ ಮಾರಿ ಬಂದಾವ," ಎಂದಳು. ಆಮೇಲೆ ನಗು ತಡೆದುಕೊಂಡು, "ನೀನೂ ಬಂದೀದಿ" ಎಂದಳು.

ಮೊಬೈಲಿನ ಸೆನ್ಸರ್ ಕಿರುಬೆರಳ ಉಗುರಿಗಿಂತ ಚಿಕ್ಕದು. ಅದಕ್ಕೇ ಹತ್ತಿರದವರು, ದೂರದವರು ಎಲ್ಲರೂ ಅದಕ್ಕೆ ಸ್ಪಷ್ಟ. ಇದನ್ನು ಕ್ಯಾಮೆರಾ ಅಂಗಡಿಯವರು ನನಗೆ ಹೇಳಲಿಲ್ಲ. (ಹೇಳಲು ನಾನೆಲ್ಲಿ ಬಿಟ್ಟೆ? ಅಂಗಡಿಯಲ್ಲೂ ನಾನೇ ಮಾತಾಡುತ್ತಿದ್ದೆ.)

ಮೊನ್ನೆ ಸಂತಪುರಕ್ಕೆ ಹೋಗಿದ್ದೆ. ಆ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಜೋಳದ ನುಚ್ಚು ಚೆಲ್ಲಿದಂತೆ ಕಾಳುಕಾಳು. ಆದರೂ ಎಲ್ಲರ ಮುಖವೂ ನಿಚ್ಚಳ. ಶಿವರಾಜ ಬಾಯ್ತುಂಬ ನಗುತ್ತಿದ್ದಾನೆ. ಯಾಕೆ ನಗುತ್ತಿದ್ದಾನೆ ಎಂಬುದೂ ಫೋಟೋದಲ್ಲೇ ಇದೆ: ಕೆಳಗಿನ ಮೂಲೆಯಲ್ಲಿ, ಕ್ಯಾಮೆರಾ ಹಿಡಿದು ಬಗ್ಗಿ ಮೇಲಕ್ಕೆತ್ತಿದ ನನ್ನ ಹಿಂಭಾಗ. ಒದ್ದೆ ಕಲೆಯ ಸಮೇತ.

ಜಗದೇವಿ ಮಗನನ್ನು ಎತ್ತಿ ಹಿಡಿದಳು. "ಅಪ್ಪ ಎಲ್ಲಿ?"

ಕೂಸು ಶಿವರಾಜನ ಮುಖದ ಮೇಲೆ ಬೆರಳಿಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು.

"ಮಾಮಾ ಎಲ್ಲಿ?"

ನಾನು ಎದುರಿಗೇ ನಿಂತಿದ್ದೆ. ಕೂಸು ನನ್ನತ್ತ ತಿರುಗಿಯೂ ನೋಡಲಿಲ್ಲ. ಅದರ ಬೆರಳು ನೇರ ಆ ಮೂಲೆಗೆ ಹೋಯಿತು.

ಈಗ ಹೇಳಿ, ಮುಂದಿನ ಸಲ ಅಳಿಯನಿಗೆ ಗುರುತು ಸಿಗಬೇಕಾದರೆ ನಾನು ಆ ಮನೆಯೊಳಗೆ ಬೆನ್ನು ಮುಂದೆ ಮಾಡಿಕೊಂಡು ಹೋಗಬೇಕೇ?